ಪ್ರಭಾವತಿ ಅಕ್ಕೋರ ಹಳಿಗಂಟೆ

ನವನಗರದ ಅಂಚಿನ ಆ ಸರಕಾರಿ ಶಾಲೆಗೆ ಕರೆಂಟಿನ ಗಂಟೆಯೊಂದಿದೆ. ಊರ ಹಿರಿಯರು ಕೊಡಿಸಿದ್ದು, ಕೆಂಪು ಬಣ್ಣದ್ದು, ನೋಡಲು ಚೆಂದ. ಆದರೆ ಗಂಟೆ ಹೊಡೆಯಬೇಕಾದ ಹೊತ್ತಿಗೇ ಕರೆಂಟು ಕೈಕೊಡುವುದು ಅಲ್ಲಿಯ ಪದ್ಧತಿ. ಹಾಗಾಗಿ ನಿಜವಾದ ಕೆಲಸ ಮಾಡುವುದು ಅಂಗಳದ ಬೇವಿನ ಮರಕ್ಕೆ ಸರಪಳಿ ಹಾಕಿ ತೂಗುಬಿಟ್ಟ ರೈಲು ಹಳಿಯ ತುಂಡು. ರೈಲ್ವೆ ವರ್ಕ್‌ಶಾಪಿನ ಊರಿನಲ್ಲಿ ಹಳಿಗೇನು ಬರ? ಅದನ್ನು ಬಾರಿಸಲು ಒಂದು ಕಬ್ಬಿಣದ ಸರಳು. ಆ ಸರಳು ಹಿಡಿಯುವ ಮಾನ ಪ್ರತಿವರ್ಷ ಏಳನೇ ತರಗತಿಯ ಎಲ್ಲರಿಗಿಂತ ಶಾಣ್ಯಾ ಮಗುವಿಗೆ ಸಲ್ಲುತ್ತಿತ್ತು. ಅದು ಆ ಶಾಲೆಯ ಮಟ್ಟಿಗೆ ಮಂತ್ರಿಗಿರಿ ಇದ್ದಂತೆ.

ಹೋದ ವರ್ಷ ಜುಲೈನಲ್ಲಿ ಐದನೇ ತರಗತಿಗೆ ಕಲಿಸುವ ಪ್ರಭಾವತಿ ಅಕ್ಕೋರು ಆ ಸರಳನ್ನು ಏಳನೇ ತರಗತಿಯ ಲೋಹಿತನ ಕೈಯಿಂದ ತೆಗೆದು ತಮ್ಮ ತರಗತಿಯ ದಾನೇಶ್ವರಿಯ ಕೈಗೆ ಕೊಟ್ಟರು. ಲೋಹಿತ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗ. ಅವನಿಗೆ ಗಂಟೆಯ ಅಗತ್ಯವಿರಲಿಲ್ಲ, ಹೊಗಳಿಕೆ ಅವನಿಗೆ ಬೇಕಾದಷ್ಟು ಸಿಕ್ಕಿತ್ತು ಎಂಬುದು ಅಕ್ಕೋರ ಲೆಕ್ಕ. ಬೇರೆಯವರ ಲೆಕ್ಕ ಹಾಗಿರಲಿಲ್ಲ. ಪಕ್ಕದ ತರಗತಿಯ ಸುಲಭಾ ಬಾಯಾರು ಹಣೆಗೆ ಕೈ ಹಚ್ಚಿಕೊಂಡು, ಇದು ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಸುಲಭಾ ಬಾಯಾರ ತಪ್ಪೇನೂ ಇರಲಿಲ್ಲ. ಹಿಂದಿನ ವಾರವಷ್ಟೇ ದಾನೇಶ್ವರಿ ಅವರ ತರಗತಿಯ ಹುಡುಗನೊಬ್ಬನ ಮುಂಗೈ ಕಚ್ಚಿದ್ದಳು.

ಆ ಹುಡುಗಿಗೆ ಒಂದು ಕಡೆ ಕುಳಿತುಕೊಳ್ಳುವುದೆಂದರೆ ಇರುವೆ ಗೂಡಿನ ಮೇಲೆ ಕುಳಿತಂತೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವಳು, ಉತ್ತರ ತಪ್ಪಾಯಿತೆಂದು ಯಾರಾದರೂ ನಕ್ಕರೆ ನಕ್ಕವರ ಪಾಟಿ ಒಡೆಯುವಳು. ಸರತಿಯಲ್ಲಿ ನಿಂತರೆ ಮುಂದಿನವರ ಬೆನ್ನಿಗೆ ಗುದ್ದು. ಹತ್ತು ವರ್ಷ ತುಂಬುವುದರೊಳಗೆ ಎರಡು ಶಾಲೆಗಳು ಅವಳಿಗೆ ಕೈಮುಗಿದು ಕಳಿಸಿಕೊಟ್ಟಿದ್ದವು. ತಾಯಿ ರತ್ನವ್ವ ತಾರಿಹಾಳದ ಒಂದು ಸಣ್ಣ ಕಾರಖಾನೆಯಲ್ಲಿ ಕಬ್ಬಿಣದ ಬಿಡಿಭಾಗ ಒರೆಸಿ ಡಬ್ಬಿಗೆ ತುಂಬುವ ಕೆಲಸದವಳು. ಮಗಳನ್ನು ಸೇರಿಸಲು ಬಂದ ದಿನ ಸೆರಗಿನ ತುದಿ ತಿರುವುತ್ತ, ಇದು ಮೂರನೇ ಸಾಲಿ, ಇದು ಕಡೇದು ಎಂದಿದ್ದಳು.

ಇಂಥ ಹುಡುಗಿಗೆ ಗಂಟೆ ಯಾಕೆ ಕೊಟ್ಟಿರೆಂದು ಕೇಳಿದರೆ ಪ್ರಭಾವತಿ ಅಕ್ಕೋರು ಒಂದು ಲವಂಗ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ಐವತ್ತನಾಲ್ಕು ವಯಸ್ಸು, ಮೂವತ್ತು ವರ್ಷದ ನೌಕರಿ, ದಪ್ಪ ಕನ್ನಡಕ, ಬೈಯಬೇಕಾದರೆ ಧ್ವನಿ ಇನ್ನಷ್ಟು ತಗ್ಗಿಸುವ ವಿಚಿತ್ರ ಅಭ್ಯಾಸ. ಕಾರಣ ಅವರಿಗೆ ಗೊತ್ತಿತ್ತು. ಆದರೆ ಅದು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹೇಳುವ ಕಾರಣವಾಗಿರಲಿಲ್ಲ.

ನಲವತ್ತೆರಡು ವರ್ಷದ ಹಿಂದೆ ಅವರು ಹುಬ್ಬಳ್ಳಿಯ ಒಂದು ಮಿಷನ್ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದರು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ, ಮನೆತನದಲ್ಲಿ ಅಕ್ಷರ ಕಲಿಯಲು ಹೊರಟ ಮೊದಲ ಹೆಣ್ಣುಮಗಳು ಈಕೆ. ಕಲಿಯುವುದು ಬೇಗ ಬಂತು, ಬಾಯಿ ಮಾತ್ರ ಬರಲಿಲ್ಲ. ಹಾಜರಿ ಕರೆದಾಗ 'ಹಾಜರ' ಎನ್ನಲೂ ಆಗುತ್ತಿರಲಿಲ್ಲ. ಎದುರಿಗೇ ಕುಳಿತಿದ್ದರೂ ಅವರ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಿತ್ತು. ಒಂದು ತಿಂಗಳು ಒಂದು ದಿನವೂ ತಪ್ಪಿಸದೆ ಶಾಲೆಗೆ ಹೋಗಿ, ಹಾಜರಿ ಪುಸ್ತಕದ ಪ್ರಕಾರ ಹನ್ನೊಂದು ದಿನ ಮನೆಯಲ್ಲೇ ಉಳಿದ ಕೀರ್ತಿ ಅವರದು.

ಆಗ ತರಗತಿಗೆ ಬಂದವರು ತಿಮೋತಿ ಮಾಸ್ತರರು. ಬಡಕಲು ಮೈ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಬೆತ್ತವಿಲ್ಲ. ಅವರು ಆ ಹುಡುಗಿಗೆ ಮಾತಾಡೆಂದು ಒಮ್ಮೆಯೂ ಹೇಳಲಿಲ್ಲ. ಒಂದು ಸೋಮವಾರ ಗಂಟೆಯ ಸರಳು ಕೈಗಿಟ್ಟು, ಊಟದ ಗಂಟೆ ಇನ್ನು ಮುಂದೆ ನಿನ್ನದು ಎಂದರು. ಆ ಶಾಲೆಯಲ್ಲೂ ಗಂಟೆಯೆಂದರೆ ಹಳಿಯ ತುಂಡೇ. ಪ್ರಭಾವತಿ ಹೋಗಿ, ಮಲಗಿದ ಕೂಸನ್ನು ತಟ್ಟಿದ ಹಾಗೆ ಎರಡು ಬಾರಿ ತಟ್ಟಿ ಬಂದು ಕುಳಿತಳು. ಯಾವ ತರಗತಿಯಿಂದಲೂ ಯಾರೂ ಹೊರಡಲಿಲ್ಲ. ತಿಮೋತಿ ಮಾಸ್ತರರು ಬೋರ್ಡಿನ ಮೇಲಿನ ಗಣಿತ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ, ಗಂಟೆ ಇನ್ನೂ ಆಗಲಿಲ್ಲವಲ್ಲ ಎಂದರು. ಹುಡುಗಿ ಮತ್ತೆ ಹೋದಳು, ಮತ್ತೆ ತಟ್ಟಿದಳು, ಮತ್ತೆ ಬಂದಳು. ಮಾಸ್ತರರು ಇನ್ನೊಂದು ಲೆಕ್ಕ ಬರೆದರು. ಹೊಟ್ಟೆಗಳು ತಾಳ ಹಾಕತೊಡಗಿದವು. ಮಕ್ಕಳೆಲ್ಲ ಆಕೆಯನ್ನೇ ನುಂಗುವ ಹಾಗೆ ನೋಡಿದರು. ನಾಲ್ಕನೇ ಸಲ ಅವಳು ಅಳುತ್ತ ಹೋಗಿ, ಅಳುವಿನ ಸಿಟ್ಟನ್ನೆಲ್ಲ ತೋಳಿಗೆ ತಂದು ಬಾರಿಸಿದ ಏಟಿಗೆ ಮರದ ಕಾಗೆಗಳೆಲ್ಲ ಎದ್ದುಹೋದವು. ಇಡೀ ಶಾಲೆ ಹೋ ಎಂದು ಹೊರಬಿತ್ತು. ಬಾಗಿಲಲ್ಲಿ ನಿಂತ ಮಾಸ್ತರರು ಪುಸ್ತಕ ಮುಚ್ಚಿ, “ಈಗ ಕೇಳಿತು ನೋಡವಾ” ಎಂದರು.

ಮರುದಿನ ಹಾಜರಿಗೆ ಪ್ರಭಾವತಿ 'ಹಾಜರ' ಎಂದಳು. ಅಷ್ಟೇ ನಡೆದದ್ದು. ಆದರೆ ಟಿಸಿಎಚ್ ಮುಗಿಸಿದ್ದು, ನೌಕರಿ ಹಿಡಿದದ್ದು, ನೂರಾರು ಮಕ್ಕಳ ಎದುರು ನಿಂತು ಮಾತಾಡಿ ಹೊಟ್ಟೆ ತುಂಬಿಸಿಕೊಂಡದ್ದು ಎಲ್ಲವೂ ಆ ನಾಲ್ಕನೇ ಏಟಿನಿಂದಲೇ ಎಂದು ಅಕ್ಕೋರು ಇಂದಿಗೂ ನಂಬುತ್ತಾರೆ. ಹಳಿಗೆ ಎಲ್ಲಕ್ಕಿಂತ ಹತ್ತಿರದ ಕೋಣೆ ತಿಮೋತಿ ಮಾಸ್ತರರದೇ ಆಗಿತ್ತು. ಆದರೂ ಮೂರು ಸಲ ಕೇಳಲಿಲ್ಲವೆಂದರೆ ಪಾಪ, ಕಿವಿ ಸ್ವಲ್ಪ ಮಂದವಿದ್ದಿರಬೇಕು ಎಂದುಕೊಂಡು, ಆ ಮಂದ ಕಿವಿಗೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು.

ಸದ್ದು ಮಾಡಲಾರದ ತನಗೆ ಸದ್ದು ಕಲಿಸಿದ ಹಳಿ, ಸದ್ದು ನಿಲ್ಲಿಸಲಾರದ ಹುಡುಗಿಗೆ ಏನಾದರೂ ಕಲಿಸೀತು ಎಂಬ ಆಸೆಯಿಂದ ಅವರು ಸರಳು ಕೊಟ್ಟದ್ದು. ಆಸೆ ದೊಡ್ಡದು, ಆದರೆ ಹದಿನೈದೇ ದಿನದಲ್ಲಿ ಅದಕ್ಕೆ ಮಣ್ಣು ಬಿತ್ತು.

ಆ ಶಾಲೆಯಲ್ಲಿ ಬಿಸಿಯೂಟದ ಗಂಟೆ ಒಂದು ಹತ್ತಕ್ಕೆ. ಆ ದಿನ ದಾನೇಶ್ವರಿ ಹನ್ನೆರಡೂವರೆಗೇ ಹಳಿ ಬಾರಿಸಿಬಿಟ್ಟಳು. ನೂರಾ ಎಂಬತ್ತು ಮಕ್ಕಳು ತಾಟು ಬಡಿಯುತ್ತ ಅಡುಗೆಮನೆಗೆ ಮುತ್ತಿಗೆ ಹಾಕಿದರು. ಮಕ್ಕಳೆಲ್ಲ ಚಾಚಿ ಎನ್ನುವ ಅಡುಗೆಯ ಅಖ್ತರಬೇಗಂ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಬೇಳೆ ಇನ್ನೂ ಕಲ್ಲಿನ ಹಾಗಿತ್ತು. ಯಾರೋ ಯಾರನ್ನೋ ತಳ್ಳಿದರು, ಎರಡನೇ ತರಗತಿಯ ಕೂಸೊಂದು ಬಿದ್ದು ಮೊಣಕಾಲು ತರಚಿಕೊಂಡಿತು. ಮತ್ತೆ ಎಲ್ಲರನ್ನೂ ಒಳಗೆ ಹೊಗಿಸುವಷ್ಟರಲ್ಲಿ ಮಾಸ್ತರರಿಗೆಲ್ಲ ಸಾಕುಬೇಕಾಯಿತು.

ಹೆಡ್ ಮಾಸ್ತರ ಕಮರುದ್ದೀನ ಸರ್ ಕೆಟ್ಟ ಮನುಷ್ಯರಲ್ಲ. ಮನೆಯ ಬಾದಾಮಿ ಗಿಡದ ಕಾಯಿ ಮಕ್ಕಳಿಗೆ ತಂದು ಹಂಚುವವರು. ಆದರೆ ಬಿದ್ದ ಕೂಸಿನ ಮೊಣಕಾಲು ನೋಡಿದ ಮೇಲೆ ಅವರ ಸಹನೆ ಮುಗಿಯಿತು. ಮರುದಿನ ರತ್ನವ್ವನನ್ನು ಕರೆಸಿದರು. ಅರ್ಧ ದಿನದ ಪಗಾರ ಬಿಟ್ಟು ಬಂದ ಆಕೆಯ ಎದುರಿಗೆ, ಮಗಳನ್ನೂ ನಿಲ್ಲಿಸಿ ಹೇಳಿದರು.

“ಇನ್ನೊಂದು ಸಲ ಟೈಮಿನಕಿಂತ ಮೊದಲ ಗಂಟಿ ಬಾರಿಸಿದ್ಲಂದ್ರ, ಅವತ್ತ ಟೀಸಿ ಕೈಯಾಗ ಕೊಡ್ತೇನಿ. ಆಮ್ಯಾಲ ನನಗೇನೂ ಕೇಳಬ್ಯಾಡ್ರಿ.”

ರತ್ನವ್ವ ವಾದ ಮಾಡಲಿಲ್ಲ. ಈ ಶಾಲೆಯೂ ಬೇಡವೆಂದರೆ ಮನೆಯಲ್ಲಿ ತಮ್ಮನನ್ನು ಆಡಿಸುತ್ತ ಕೂಡಲಿ, ಇನ್ನೊಂದು ಬಾಗಿಲಿಗೆ ಹೋಗಲು ತನಗೆ ಮುಖವಿಲ್ಲ ಎಂದಳು. ದಾನೇಶ್ವರಿ ನೆಲ ನೋಡುತ್ತ ಕಾಲ ಹೆಬ್ಬೆರಳಿನಿಂದ ಫರಸಿ ಕಲ್ಲು ಕೆರೆಯುತ್ತಿದ್ದಳು. ಪ್ರಭಾವತಿ ಅಕ್ಕೋರು ಮುಂದೆ ಬಂದು ನಿಂತರು. ಸರಳು ಕೊಟ್ಟವಳು ತಾನು, ತಪ್ಪು ತನ್ನದು, ಗಂಟೆ ಅವಳ ಕೈಯಲ್ಲೇ ಇರಲಿ ಎಂದು ಬೇಡಿಕೊಂಡರು. ಗಂಟೆ ತೆಗೆದುಕೊಂಡರೆ ಹುಡುಗಿ ಶಾಲೆಯಲ್ಲಿ ಉಳಿಯುವುದು ಸುಲಭವಿತ್ತು, ನಿಜ. ಆದರೆ ಕೊಟ್ಟು ಕಸಿದುಕೊಂಡರೆ ಆ ಮಗು ಒಳಗೇ ಮುರಿದುಹೋಗುತ್ತದೆ ಎಂದು ಅಕ್ಕೋರಿಗೆ ಅನ್ನಿಸಿತ್ತು. ಕಮರುದ್ದೀನ ಸರ್ ನಿಟ್ಟುಸಿರು ಬಿಟ್ಟು, ನಿಮ್ಮ ಜವಾಬ್ದಾರಿ ಎಂದರು.

ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ಹುಡುಗಿಯನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡರು. ಬೈಗುಳ ಬರುತ್ತದೆಂದು ಅವಳು ಕುತ್ತಿಗೆ ಗಟ್ಟಿ ಮಾಡಿ ಕುಳಿತಿದ್ದಳು. ಅಕ್ಕೋರು ಎದುರಿನ ವರಾಂಡದ ಗಡಿಯಾರ ತೋರಿಸಿ ಈಗೆಷ್ಟಾಯಿತು ಎಂದಷ್ಟೇ ಕೇಳಿದರು. “ನಾಕು” ಎಂದಳು ಥಟ್ಟನೆ. ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಮತ್ತೆ ಕೇಳಿದರೆ ಎಂಟು ಎಂದಳು. ಮೂರನೇ ಸಲ ಕೇಳಿದಾಗ ಮೂಗು ಏರಿಸುವ ಸದ್ದು ಬಂತು.

“ನನಗ ಮುಳ್ಳ ನೋಡಾಕ ಬರಂಗಿಲ್ರಿ,” ಎಂದಳು ದಾನೇಶ್ವರಿ. ಆ ಹುಡುಗಿ ಅಷ್ಟು ಸಣ್ಣ ಧ್ವನಿಯಲ್ಲಿ ಮಾತಾಡಿದ್ದನ್ನು ಅಕ್ಕೋರು ಅಲ್ಲಿಯವರೆಗೆ ಕೇಳಿರಲಿಲ್ಲ.

ಅವರ ಕನ್ನಡಕ ಮಂಜಾಯಿತು. ಎರಡು ಶಾಲೆ ಬದಲಿಸುವ ಗಡಿಬಿಡಿಯಲ್ಲಿ ಗಡಿಯಾರದ ಪಾಠ ಎಲ್ಲೋ ಕೈತಪ್ಪಿತ್ತು. ಕೇಳಿದರೆ ನಗುತ್ತಾರೆಂದು ಹುಡುಗಿ ಅದನ್ನು ಗದ್ದಲದ ಕೆಳಗೆ ಮುಚ್ಚಿಟ್ಟಿದ್ದಳು. ಉಳಿದ ಗಂಟೆಗಳಿಗೆ ಯಾರಾದರೂ ಹೇಳುತ್ತಿದ್ದರು, ಊಟದ ಗಂಟೆಯನ್ನು ಮಾತ್ರ ಹದಿನೈದು ದಿನವೂ ಅಖ್ತರಬೇಗಂಳ ಅಡುಗೆಯ ವಾಸನೆ ನೋಡಿಕೊಂಡೇ ಬಾರಿಸಿದ್ದಳಂತೆ. ಆ ದಿನ ಪಲ್ಯದ ಒಗ್ಗರಣೆ ಮೊದಲೇ ಬಿದ್ದದ್ದರಿಂದ ಮೋಸಹೋಗಿದ್ದಳು. 'ಹಾಜರ' ಎನ್ನಲಾರದೆ ಬಾಯಿ ಮುಚ್ಚಿಕೊಂಡ ತಾನು, ಬರುವುದಿಲ್ಲ ಎನ್ನಲಾರದೆ ಬಾಯಿ ಮಾಡುವ ಇವಳು, ಇಬ್ಬರಿಗೂ ಇದ್ದದ್ದು ಒಂದೇ ಹೆದರಿಕೆ ಎಂದು ಅಕ್ಕೋರಿಗೆ ಆಗ ಹೊಳೆಯಿತು. ಮೂವತ್ತು ವರ್ಷ ಮಾಸ್ತರಕಿ ಮಾಡಿ ಇದು ಈಗ ಗೊತ್ತಾಯಿತಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಅಂದಿನಿಂದ ದಿನಾ ಅರ್ಧ ತಾಸು ಕಟ್ಟೆಯ ಮೇಲೆ ಗಡಿಯಾರದ ಪಾಠ. ರಟ್ಟಿನ ಗಡಿಯಾರ, ಬಳೆಚೂರಿನ ಮುಳ್ಳು. ವಾರದಲ್ಲಿ ಹುಡುಗಿಗೆ ನಿಮಿಷ ಬಂತು. ಬುದ್ಧಿಗೇನೂ ಕೊರತೆಯಿರಲಿಲ್ಲ. ಆದರೆ ಮುಳ್ಳು ನೋಡಲು ಬಂದರೆ ಸಾಕೇ, ಕಾಯಲೂ ಬರಬೇಕಲ್ಲ. ಅದಕ್ಕೆ ರಟ್ಟಿನ ಗಡಿಯಾರ ಸಾಲದು.

ಒಂದು ಸಂಜೆ ಅಕ್ಕೋರು ಅವಳಿಂದ ಹಳಿ ಜೋರಾಗಿ ಬಾರಿಸಿಸಿದರು. ಏಟು ಮುಗಿದರೂ ಹಳಿ ಗುಂಯ್ ಎನ್ನುತ್ತಲೇ ಇತ್ತು. ಅಂಗೈ ಇಡು ಎಂದರು. ಇಟ್ಟಳು. ಗುಂಯ್ ನಿಂತಿತು. ಹುಡುಗಿ ಕಣ್ಣರಳಿಸಿ ಮತ್ತೆ ಬಾರಿಸಿದಳು, ಮತ್ತೆ ಅಂಗೈ ಇಟ್ಟಳು, ಹತ್ತು ಸಲ ಅದೇ ಆಟ.

“ಬಾರಸೂದು ಅರ್ಧಾ ಕೆಲಸವಾ. ನಿಲ್ಲಸೂದು ಉಳಿದ ಅರ್ಧಾ,” ಎಂದರು ಅಕ್ಕೋರು. “ನಿನ್ನ ಎದಿಯಾಗ ಹಿಂಗ ಗುಂಯ್ ಅಂತೈತೇನು, ಯಾರರ ನಕ್ಕಾಗ?”

ಹುಡುಗಿ ಹೌದೆಂದು ತಲೆಯಾಡಿಸಿದಳು. ಆಗ ಅಂಗೈಯನ್ನು ಎಲ್ಲಿಯಾದರೂ ಇಡು, ಬೆಂಚಿನ ಮೇಲೆ, ತೊಡೆಯ ಮೇಲೆ, ಗುಂಯ್ ನಿಲ್ಲುವ ತನಕ ತೆಗೆಯಬೇಡ ಎಂದರು. ಬೇರೆ ಉಪದೇಶವಿಲ್ಲ. 'ತಾಳಿದವನು ಬಾಳಿಯಾನು' ಎಂದು ಶಾಲೆಯ ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಬರೆದೇ ಇದೆ, ಅದನ್ನು ಓದಿ ಯಾರೂ ತಾಳಿದ್ದನ್ನು ಅಕ್ಕೋರು ಕಂಡಿರಲಿಲ್ಲ.

ಬದಲಾವಣೆ ಒಂದೇ ದಿನ ಬರಲಿಲ್ಲ. ಆಗಸ್ಟಿನಲ್ಲಿ ಎರಡು ಸಲ ಅಂಗೈ ಬೆಂಚಿನ ಮೇಲಿನಿಂದ ನೇರ ಪಕ್ಕದವಳ ಬೆನ್ನಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಲೋಹಿತ ಹೇಗೋ ಸುದ್ದಿ ತಿಳಿದು ಬೇಕೆಂದೇ ಬಂದು, ವಾಸನೆ ನೋಡಿ ಟೈಮ್ ಹೇಳುವವಳು ಎಂದು ಎಲ್ಲರೆದುರು ಅಣಕಿಸಿದ. ದಾನೇಶ್ವರಿಯ ಕೈಯಲ್ಲಿ ಸರಳಿತ್ತು. ವರಾಂಡದಲ್ಲಿದ್ದ ಅಕ್ಕೋರು ಗಾಬರಿಯಿಂದ ಅಂಗಳಕ್ಕೆ ಇಳಿದರು. ಹುಡುಗಿ ಸರಳನ್ನು ಕೆಳಗಿಟ್ಟಳು. ಎರಡೂ ಅಂಗೈಯನ್ನು ಹಳಿಯ ಮೇಲೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ಆಮೇಲೆ ಲೋಹಿತನಿಗೆ, ಈಗ ಹನ್ನೊಂದು ಇಪ್ಪತ್ತೆರಡು ಆಯಿತು, ಬೇಕಾದರೆ ನೋಡಿಕೊಂಡು ಬಾ ಎಂದಳು. ಅವನು ಹೋಗಿ ನೋಡಿದ. ಹನ್ನೊಂದು ಇಪ್ಪತ್ತೆರಡೇ ಆಗಿತ್ತು. ಅಂದಿನಿಂದ ಸಣ್ಣ ತರಗತಿಯ ಮಕ್ಕಳು ದಾರಿಯಲ್ಲಿ ಸಿಕ್ಕಾಗೆಲ್ಲ ಅವಳಿಗೆ ಟೈಮ್ ಕೇಳತೊಡಗಿದರು. ಅವಳೂ ದೊಡ್ಡ ಸಾಹೇಬರಂತೆ ಹೇಳತೊಡಗಿದಳು.

ನವೆಂಬರಿನಲ್ಲಿ ತಾಲೂಕಿನಿಂದ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಪುಸ್ತಕ, ಹಾಜರಿ, ಪಾಯಖಾನೆ ಎಲ್ಲ ನೋಡಿಯಾಯಿತು. ಬಿಸಿಯೂಟ ಬಡಿಸುವುದನ್ನು ನೋಡಿ ಹೋಗಬೇಕು, ತಾರಿಹಾಳದಲ್ಲಿ ಇನ್ನೊಂದು ಶಾಲೆಯಿದೆ, ಸ್ವಲ್ಪ ಬೇಗ ಆದರೆ ಒಳ್ಳೆಯದಿತ್ತು ಎಂದು ಅವರು ಸಹಜವಾಗಿ ಹೇಳಿದರು. ಕಮರುದ್ದೀನ ಸರ್ ಅವಸರದಲ್ಲಿ ಅಂಗಳಕ್ಕೆ ಬಂದು, ಹಳಿಯ ಹತ್ತಿರ ನಿಂತಿದ್ದ ದಾನೇಶ್ವರಿಗೆ ಗಂಟೆ ಬಾರಿಸೆಂದರು.

ಅವಳು ಗಡಿಯಾರ ನೋಡಿದಳು. ಅಡುಗೆಮನೆಯ ಕಡೆ ನೋಡಿದಳು. ಸರಳನ್ನು ಬೆನ್ನ ಹಿಂದೆ ಹಿಡಿದಳು.

ಸರ್ ಇನ್ನೊಮ್ಮೆ ಹೇಳಿದರು, ಈ ಸಲ ಹುಬ್ಬು ಗಂಟಿಕ್ಕಿ. ತರಗತಿಯ ಬಾಗಿಲಿಗೆ ಬಂದಿದ್ದ ಪ್ರಭಾವತಿ ಅಕ್ಕೋರಿಗೆ ಬೆವರು ಕಿತ್ತುಬಂತು. ಈಗ ಹುಡುಗಿ ಕೂಗಿದರೆ, ಸರಳು ಬೀಸಿ ಒಗೆದರೆ, ನಾಲ್ಕು ತಿಂಗಳ ದುಡಿಮೆ ಸಾಹೇಬರ ಕಣ್ಣೆದುರೇ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ದಾನೇಶ್ವರಿ ಇನ್ನೊಂದು ಕೈಯ ಅಂಗೈಯನ್ನು ಹಳಿಯ ಮೇಲಿಟ್ಟಳು. ಇಟ್ಟು, ಒಂದು ಉಸಿರು ಬಿಟ್ಟು, ಕೂಗದೆ ಹೇಳಿದಳು.

“ಇನ್ನಾ ಹನ್ನೆರಡು ಮಿನಿಟ ಐತ್ರಿ ಸರ. ಚಾಚೀದು ಬ್ಯಾಳಿ ಬೆಂದಿಲ್ಲ. ಟೈಮಿನಕಿಂತ ಮೊದಲ ಬಾರಿಸಿದ್ರ ಟೀಸಿ ಕೊಡ್ತೇನಿ ಅಂತ ನೀವ ಹೇಳೀರಿ. ನನಗ ಈ ಸಾಲಿ ಬೇಕ್ರಿ.”

ಕಮರುದ್ದೀನ ಸರ್ ತಿರುಗಿ ನೋಡಿದರು. ಹಿಂದೆ ನಿಂತಿದ್ದ ಸಾಹೇಬರ ಮುಖದಲ್ಲಿ ಮೊದಲು ಆಶ್ಚರ್ಯ ಬಂತು, ಆಮೇಲೆ ನಗು. ಹೆಡ್ ಮಾಸ್ತರರ ಮಾತನ್ನು ಹೆಡ್ ಮಾಸ್ತರರಿಗೇ ಪಾಲಿಸಿ ತೋರಿಸುವ ವಿದ್ಯಾರ್ಥಿ ಇರುವಾಗ ತಾನು ಹನ್ನೆರಡು ನಿಮಿಷ ಕಾದರೆ ಗಂಟೇನೂ ಹೋಗುವುದಿಲ್ಲ ಎಂದು ಅವರು ಬೇವಿನ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಕಮರುದ್ದೀನ ಸರ್ ಕೂಡ ಪಕ್ಕದಲ್ಲಿ ಕುಳಿತರು. ಕಾಯುವುದು ಇಬ್ಬರಿಗೂ ಅಷ್ಟೇನೂ ಸುಲಭವಿರಲಿಲ್ಲ. ಸಾಹೇಬರು ಮೂರು ಸಲ ಮೊಬೈಲು ತೆಗೆದರು, ಸರ್ ಕಾಲು ಅಲ್ಲಾಡಿಸಿದರು. ದಾನೇಶ್ವರಿ ಮಾತ್ರ ಗಡಿಯಾರದ ಮೇಲೆ ಕಣ್ಣಿಟ್ಟು ಅಲ್ಲಾಡದೆ ನಿಂತಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಅಖ್ತರಬೇಗಂ ಬೆಂದ ಬೇಳೆಯ ಸೌಟು ಎತ್ತಿ ತೋರಿಸಿದಳು. ಒಂದು ಹತ್ತಕ್ಕೆ ಗಂಟೆ ಆಯಿತು.

ಊಟದ ನಂತರ ಸರ್ ಅಕ್ಕೋರ ಹತ್ತಿರ ಬಂದು, ಟೀಸಿಯ ಮಾತು ಇನ್ನು ಈ ಶಾಲೆಯಲ್ಲಿ ಎತ್ತುವುದಿಲ್ಲ ಎಂದರು. ಸಂಜೆ ಅಕ್ಕೋರು ಅದನ್ನು ಫೋನಿನಲ್ಲಿ ರತ್ನವ್ವನಿಗೆ ಹೇಳಿದರು. ಯಂತ್ರಗಳ ಸದ್ದಿನ ನಡುವೆ ಆಕೆ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು.

ಆ ಹಾರೈಕೆ ತನ್ನದಲ್ಲ, ಅದನ್ನು ಮುಟ್ಟಿಸಬೇಕಾದ ಮನೆ ಬೇರೆ ಇದೆ ಎಂದು ಅಕ್ಕೋರಿಗೆ ಅನ್ನಿಸಿತು. ಮುಂದಿನ ಭಾನುವಾರ ಮಧ್ಯಾಹ್ನ ದಾನೇಶ್ವರಿಯನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದರು. ತಿಮೋತಿ ಮಾಸ್ತರರು ಈಗ ಅಲ್ಲಿ ಮಗಳು ಮಾರ್ಗರೆಟ್‌ಳ ಮನೆಯಲ್ಲಿದ್ದಾರೆ. ಎಂಬತ್ತನಾಲ್ಕು ದಾಟಿದೆ. ಚರ್ಚಿನಿಂದ ಬಂದು, ಅದೇ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ವರಾಂಡದ ಕುರ್ಚಿಯಲ್ಲಿ ಕುಳಿತಿದ್ದರು. ಮಾರ್ಗರೆಟ್ ಚಹಾ ಮತ್ತು ಟೋಸ್ಟ್ ತಂದಿಟ್ಟಳು. ಅಕ್ಕೋರು ಹನ್ನೆರಡು ನಿಮಿಷದ ಕಥೆಯನ್ನೆಲ್ಲ ಹೇಳಿದರು. ತಾವು ನಾಲ್ಕು ಸಲ ಬಾರಿಸಿದ ಕಥೆಯನ್ನೂ ಹೇಳಿದರು. ಧ್ವನಿ ಎತ್ತರಿಸಬೇಕಾಗಲಿಲ್ಲ. ಮಾಸ್ತರರು ಪ್ರತಿ ಮಾತಿಗೂ ಸರಿಯಾಗಿ ತಲೆಯಾಡಿಸುತ್ತಿದ್ದರು.

ದಾನೇಶ್ವರಿಗೆ ಏನೋ ಕೇಳಬೇಕಿತ್ತು. ಅದು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿರುವುದು ಅಕ್ಕೋರಿಗೆ ಕಾಣುತ್ತಿತ್ತು. ಹುಡುಗಿ ಎರಡೂ ಅಂಗೈ ತೊಡೆಯ ಮೇಲೆ ಒತ್ತಿ ಕುಳಿತಳು. ಮಾಸ್ತರರು ಚಹಾ ಕುಡಿದು ಬಟ್ಟಲು ಕೆಳಗಿಡುವ ತನಕ ಕಾದಳು. ಆಮೇಲೆ, ನಲವತ್ತೆರಡು ವರ್ಷ ಪ್ರಭಾವತಿ ಅಕ್ಕೋರಿಗೆ ಕೇಳಲು ಹೊಳೆಯದಿದ್ದದ್ದನ್ನು ಕೇಳಿದಳು.

“ಅಜ್ಜಾರ, ನಿಮ್ಮ ಖೋಲಿ ಹಳಿ ಬಾಜೂಕ ಇತ್ತಂತಲ್ರಿ. ನಿಮಗ ಖರೇನ ಕೇಳಿರಲಿಲ್ಲೇನ್ರಿ?”

ಮಾಸ್ತರರು ಹುಡುಗಿಯನ್ನು ನೋಡಿದರು, ಅಕ್ಕೋರನ್ನು ನೋಡಿದರು. ಸಿಕ್ಕಿಬಿದ್ದವರ ಹಾಗೆ ನಕ್ಕರು.

“ಮೊದಲನೇ ಏಟ ಕೇಳಿತ್ತವಾ. ಆದ್ರ ಅದಕ್ಕ ನಾ ಪುಸ್ತಕ ಮುಚ್ಚಿದ್ರ, ಈಕಿ ಜೀವನಪೂರ್ತಿ ಅಷ್ಟ ಸಣ್ಣಗ ಬಾರಸ್ತಿದ್ಲು.”

“ಹಸಿವಿ ಆಗಿರಲಿಲ್ಲೇನ್ರಿ ನಿಮಗ?”

“ಆಗಿತ್ತು,” ಎಂದರು ಮಾಸ್ತರರು. “ಭಾಳ ಆಗಿತ್ತು. ಅವತ್ತ ಮುಂಜಾನೆ ನಾಷ್ಟಾನೂ ಮಾಡಿರಲಿಲ್ಲ.”

ಇಷ್ಟು ವರ್ಷ ಪ್ರಭಾವತಿ ಅಕ್ಕೋರು ಸರಳು ಕೊಟ್ಟದ್ದಕ್ಕೆ ಮಾಸ್ತರರನ್ನು ನೆನೆದಿದ್ದರು. ತನ್ನ ಒಂದು ಏಟಿಗಾಗಿ ಅವರು ಖಾಲಿ ಹೊಟ್ಟೆಯಲ್ಲಿ ನಿಂತು ಲೆಕ್ಕದ ಮೇಲೆ ಲೆಕ್ಕ ಬರೆದದ್ದು ಗೊತ್ತೇ ಇರಲಿಲ್ಲ. ಎದ್ದು ಹೋಗಿ ಮಾಸ್ತರರ ಪಾದ ಮುಟ್ಟಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರೂ ಏನೂ ಕಾಣಿಸಲಿಲ್ಲ. ದಾನೇಶ್ವರಿ ಅಕ್ಕೋರನ್ನು ನೋಡಿದಳು. ಆಮೇಲೆ ತನ್ನ ಪಾಲಿನ ಎರಡೂ ಟೋಸ್ಟನ್ನು ಮಾಸ್ತರರ ಬಶಿಗೆ ಹಾಕಿ, “ಈಗರ ತಿನ್ರಿ ಅಜ್ಜಾರ” ಎಂದಳು. ಮಾಸ್ತರರು ಒಂದನ್ನು ಚಹಾದ ಬಟ್ಟಲಿನ ತಳದಲ್ಲಿ ಉಳಿದಿದ್ದ ಗುಟುಕಿನಲ್ಲಿ ಅದ್ದಿ, ಅವಳ ಎದುರಿಗೇ ತಿಂದರು.